ಏನು ಕಲಿಯಬೇಕು ಅಂತ ಮಗುವೇ ತೀರ್ಮಾನಿಸಿದರೆ

ಹೋಮ್‌ಸ್ಕೂಲಿಂಗ್, ಅನ್‌ಸ್ಕೂಲಿಂಗ್ ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಹೋಮ್‌ಸ್ಕೂಲಿಂಗ್‌ನಲ್ಲಿ ಶಾಲೆಯೇ ಮನೆಗೆ ಬರುತ್ತದೆ. ಪಠ್ಯಪುಸ್ತಕ ಇರುತ್ತದೆ, ವೇಳಾಪಟ್ಟಿ ಇರುತ್ತದೆ, ಅಮ್ಮನೋ ಅಪ್ಪನೋ ಪಾಠ ಮಾಡುತ್ತಾರೆ. ಅನ್‌ಸ್ಕೂಲಿಂಗ್‌ನಲ್ಲಿ ಸಿಲಬಸ್ ಇಲ್ಲ, ಪರೀಕ್ಷೆ ಇಲ್ಲ, ಇಷ್ಟು ಗಂಟೆಗೆ ಇಂಥ ವಿಷಯ ಅನ್ನುವ ಕಟ್ಟುಪಾಡೂ ಇಲ್ಲ. ಇವತ್ತು ಏನು ಕಲಿಯಬೇಕು, ಯಾರ ಹತ್ತಿರ ಕಲಿಯಬೇಕು, ಯಾವಾಗ ಬಿಡಬೇಕು ಅನ್ನುವುದೆಲ್ಲ ಮಗುವಿನ ತೀರ್ಮಾನ. ಹತ್ತು ವರ್ಷದ ಹುಡುಗಿ ಮೂರು ತಿಂಗಳು ಬರೀ ಜೇಡಗಳ ಹಿಂದೆ ಬಿದ್ದಿದ್ದರೆ ಅದೇ ಅವಳ ಪಾಠ.

ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಹಾಗೆ ಬಿಟ್ಟರೆ ದಿನವಿಡೀ ಮೊಬೈಲ್ ಹಿಡಿದು ಕೂರುವುದಿಲ್ಲವೇ? ಲೆಕ್ಕ ಯಾವಾಗ ಬರುತ್ತದೆ? ಓದು ಬಾರದೇ ಹೋದರೆ? ಮುಂದೆ ಕಾಲೇಜು, ಕೆಲಸ? ಇವು ಹೆತ್ತವರಿಗೆ ಬರಲೇಬೇಕಾದ ಪ್ರಶ್ನೆಗಳು. ಇವುಗಳಿಗೆ ಜವಾಬು ಕೊಡದೆ ‘ಮಕ್ಕಳನ್ನು ನಂಬಿ, ಸಾಕು’ ಎನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಈ ಚರ್ಚೆ ಈಗ ಕೆಲವೇ ಕುಟುಂಬಗಳದ್ದಾಗಿ ಉಳಿದಿಲ್ಲ. ಕೋವಿಡ್ ಕಾಲದಲ್ಲಿ ಅಮೆರಿಕದ ಜನಗಣತಿ ಸಂಸ್ಥೆ ಒಂದು ಸಮೀಕ್ಷೆ ನಡೆಸಿತು. ಶಾಲಾ ವಯಸ್ಸಿನ ಮಕ್ಕಳಿರುವ ಕುಟುಂಬಗಳಲ್ಲಿ 2020ರ ಮೊದಲ ಭಾಗದಲ್ಲಿ ಶೇ 5.4ರಷ್ಟು ಮನೆಗಳು ತಾವೇ ಮಕ್ಕಳಿಗೆ ಕಲಿಸುತ್ತಿದ್ದವು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಅದು ಶೇ 11.1 ಆಗಿತ್ತು. ಇಂಗ್ಲೆಂಡಿನಲ್ಲಿ 2024ರ ಕೊನೆಗೆ ಸುಮಾರು 1,11,700 ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದರು. ಇವರಲ್ಲಿ ಅನ್‌ಸ್ಕೂಲಿಂಗ್ ಹಾದಿ ಹಿಡಿದವರು ಒಂದು ಪಾಲು ಮಾತ್ರ. ಆದರೂ ಶಾಲೆ ಮುಚ್ಚಿದ್ದ ಆ ತಿಂಗಳುಗಳಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನುವುದನ್ನು ಹೆತ್ತವರು ಮೊದಲ ಬಾರಿ ಹತ್ತಿರದಿಂದ ನೋಡಿದರು. ನೋಡಿದ ಮೇಲೆ ಕೆಲವರು ಮಕ್ಕಳನ್ನು ವಾಪಸ್ ಕಳಿಸಲೇ ಇಲ್ಲ.

ಈ ಯೋಚನೆ ಎಲ್ಲಿಂದ ಬಂತು

ಜಾನ್ ಹೋಲ್ಟ್ ಅಮೆರಿಕದ ಒಬ್ಬ ಮೇಷ್ಟ್ರು. ಐದನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತಾ ಅವರನ್ನು ಬಹಳ ಹತ್ತಿರದಿಂದ ಗಮನಿಸಿದವರು. ಮಕ್ಕಳು ಪ್ರಶ್ನೆಯನ್ನು ಯೋಚಿಸುವುದಕ್ಕಿಂತ ಮೇಷ್ಟ್ರ ಮುಖವನ್ನು ಓದುವುದರಲ್ಲೇ ಜಾಣರಾಗುತ್ತಾರೆ ಅನ್ನುವುದು ಅವರಿಗೆ ಕಂಡಿತು. ಉತ್ತರದ ಅರ್ಧ ಹೇಳಿ ನಿಲ್ಲಿಸುವುದು, ಮೇಷ್ಟ್ರ ಹುಬ್ಬು ಏರಿದರೆ ಮಾತು ಬದಲಿಸುವುದು, ಗೊತ್ತಿಲ್ಲದಿದ್ದರೂ ಜೋರಾಗಿ ಕೈ ಎತ್ತುವುದು, ಇದೆಲ್ಲ ಭಯದಿಂದ ಹುಟ್ಟಿದ ಜಾಣತನ. ಹೋಲ್ಟ್ ವರ್ಷಗಟ್ಟಲೆ ಶಾಲೆಯನ್ನು ಸರಿಪಡಿಸಲು ನೋಡಿದರು. ಕೊನೆಗೆ ಆ ಆಸೆ ಬಿಟ್ಟು, 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಎಂಬ ಪತ್ರಿಕೆ ಶುರುಮಾಡಿದರು. ಅನ್‌ಸ್ಕೂಲಿಂಗ್ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆ ಪತ್ರಿಕೆಯಿಂದ.

ಹೋಲ್ಟ್‌ಗಿಂತ ಬಹಳ ಮೊದಲೇ ಮಕ್ಕಳಿಗೆ ಸ್ವಾತಂತ್ರ್ಯ ಕೊಟ್ಟು ನೋಡಿದವರಿದ್ದರು. ಎ. ಎಸ್. ನೀಲ್ 1921ರಲ್ಲಿ ಶುರುಮಾಡಿದ ಸಮ್ಮರ್‌ಹಿಲ್ ಶಾಲೆ ಇಂಗ್ಲೆಂಡಿನಲ್ಲಿ ಈಗಲೂ ನಡೆಯುತ್ತಿದೆ. ಅಲ್ಲಿ ಪಾಠಗಳಿವೆ, ಆದರೆ ಹೋಗಲೇಬೇಕು ಅಂತಿಲ್ಲ. 1999ರಲ್ಲಿ ಸರ್ಕಾರಿ ತನಿಖಾಧಿಕಾರಿಗಳು ಇದಕ್ಕೆ ತಕರಾರು ತೆಗೆದರು. ವಿಷಯ ನ್ಯಾಯಮಂಡಳಿ ತನಕ ಹೋಗಿ, 2000ದಲ್ಲಿ ರಾಜಿಯಾಗಿ ಶಾಲೆ ಉಳಿಯಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1968ರಲ್ಲಿ ಶುರುವಾದ ಸಡ್‌ಬರಿ ವ್ಯಾಲಿ ಶಾಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಸಭೆಯಲ್ಲಿ ಚಿಕ್ಕ ಮಗುವಿಗೂ ಒಂದು ವೋಟು, ಸಿಬ್ಬಂದಿಗೂ ಒಂದೇ ವೋಟು. ಶಾಲೆಯ ನಿಯಮ, ಖರ್ಚು, ಮುಂದಿನ ವರ್ಷ ಯಾವ ಸಿಬ್ಬಂದಿ ಇರಬೇಕು ಅನ್ನುವುದು ಕೂಡ ಆ ಸಭೆಯಲ್ಲೇ ತೀರ್ಮಾನ. ಇವು ಶಾಲೆಗಳೇ, ನಿಜ. ಆದರೆ ಇವುಗಳ ಹಿಂದಿನ ನಂಬಿಕೆ ಅನ್‌ಸ್ಕೂಲಿಂಗ್‌ನದ್ದೇ.

ಒತ್ತಾಯ ಇಲ್ಲದೆ ಕಲಿಕೆ ಆಗುತ್ತದಾ?

ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯಲ್ಲಿ ನಡೆದು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಚಿಕ್ಕ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೇ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನಗಳ ಬಳಿಕ ಮಕ್ಕಳು ತಮ್ಮಷ್ಟಕ್ಕೆ ಆಡುವಾಗ ಗಮನಿಸಿದರು. ಬಹುಮಾನದ ಆಸೆಯಿಂದ ಚಿತ್ರ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬಣ್ಣ ಹಿಡಿದರು. ಮೊದಲು ಖುಷಿಗಾಗಿ ಮಾಡುತ್ತಿದ್ದ ಕೆಲಸ ಅವರಿಗೆ ಈಗ ಬಹುಮಾನದ ಕೆಲಸವಾಗಿತ್ತು. ಅಂಕ, ರ‍್ಯಾಂಕ್, ಪ್ರೋತ್ಸಾಹಕ ಬಹುಮಾನ ಇವೆಲ್ಲ ಮಕ್ಕಳ ಆಸಕ್ತಿಗೆ ಏನು ಮಾಡಬಹುದು ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಸಾಕ್ಷಿ ಇದು.

ಲೆಕ್ಕದ ವಿಷಯಕ್ಕೆ ಬರೋಣ, ಏಕೆಂದರೆ ಹೆತ್ತವರ ಹೆದರಿಕೆ ಜಾಸ್ತಿ ಇರುವುದು ಅಲ್ಲಿಯೇ. ಇದಕ್ಕೆ ಸಂಬಂಧಿಸಿದ ಒಂದು ಹಳೆಯ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ ಲೂಯಿ ಬೆನೆಜೆಟ್ ಶಾಲೆಗಳ ಮೇಲ್ವಿಚಾರಕರಾಗಿದ್ದರು. ಚಿಕ್ಕ ತರಗತಿಗಳಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು ಅಂತ ಬಾಯಿಪಾಠ ಮಾಡಿಸುವುದರಿಂದ ಮಕ್ಕಳ ಯೋಚನೆಯ ಶಕ್ತಿಯೇ ಮೊಂಡಾಗುತ್ತಿದೆ ಅನ್ನುವುದು ಅವರ ಅನುಮಾನ. 1929ರಲ್ಲಿ ಕೆಲವು ತರಗತಿಗಳಲ್ಲಿ ಲೆಕ್ಕದ ಪಾಠವನ್ನೇ ತೆಗೆದುಹಾಕಿದರು. ಆರನೇ ತರಗತಿಯವರೆಗೆ ಅದರ ಸುದ್ದಿಯೇ ಬೇಡ ಅಂದರು. ಹೆಚ್ಚಿನ ಮಕ್ಕಳು ವಲಸೆ ಬಂದ ಬಡ ಕುಟುಂಬದವರು, ಮನೆಯಲ್ಲಿ ಇಂಗ್ಲಿಷ್ ಆಡದವರು. ಉಳಿದ ಹೊತ್ತಿನಲ್ಲಿ ಆ ಮಕ್ಕಳು ಮಾತಾಡಿದರು. ಓದಿದ್ದು, ಕಂಡದ್ದು, ಕೇಳಿದ್ದು ಎಲ್ಲವನ್ನೂ ಚರ್ಚೆ ಮಾಡಿದರು. ಉದ್ದ, ಎತ್ತರ, ಹೊತ್ತು, ದೂರ ಇವನ್ನೆಲ್ಲ ಕಣ್ಣಳತೆಯಲ್ಲಿ ಅಂದಾಜು ಮಾಡಿ, ಆಮೇಲೆ ಅಳೆದು ನೋಡಿದರು.

ಆರನೇ ತರಗತಿಯಲ್ಲಿ ಲೆಕ್ಕದ ಪಾಠ ಶುರುವಾಯಿತು. ಮೊದಲು ಅವರು ಹಿಂದೆ ಇದ್ದರು. ವರ್ಷ ಮುಗಿಯುವಷ್ಟರಲ್ಲಿ ಒಂದನೇ ತರಗತಿಯಿಂದ ಲೆಕ್ಕ ಕಲಿತು ಬಂದವರನ್ನು ಹಿಡಿದುಬಿಟ್ಟರು. ಯೋಚನೆ ಬೇಕಾದ ಲೆಕ್ಕಗಳಲ್ಲಂತೂ ಅವರದ್ದೇ ಮೇಲುಗೈ.

ಬೆನೆಜೆಟ್ ಮಕ್ಕಳಿಗೆ ಕೇಳುತ್ತಿದ್ದ ಒಂದು ಪ್ರಶ್ನೆ ಇದು. ಕೊಳದಲ್ಲಿ ಒಂದು ಕಂಬ ನೆಟ್ಟಿದೆ. ಅರ್ಧ ಕಂಬ ಕೆಸರಿನಲ್ಲಿದೆ. ಉಳಿದದ್ದರಲ್ಲಿ ಮೂರನೇ ಎರಡು ಭಾಗ ನೀರಿನಲ್ಲಿದೆ. ಒಂದು ಅಡಿ ಮಾತ್ರ ಮೇಲೆ ಕಾಣುತ್ತಿದೆ. ಕಂಬದ ಉದ್ದ ಎಷ್ಟು? ಮೊದಲಿಂದ ಲೆಕ್ಕ ಕಲಿತ ಮಕ್ಕಳು ಎದುರಿಗೆ ಕಂಡ ಸಂಖ್ಯೆಗಳನ್ನು ಹಿಡಿದು ಗುಣಿಸಲು, ಕೂಡಿಸಲು ಹೊರಟರು. ಲೆಕ್ಕವನ್ನೇ ಕಲಿಯದ ಮಕ್ಕಳು ಕಂಬವನ್ನು ಮನಸ್ಸಿನಲ್ಲಿ ಕಂಡುಕೊಂಡರು. ಕೆಸರಿನಲ್ಲಿರುವುದು ಎಷ್ಟು, ನೀರಿನಲ್ಲಿರುವುದು ಎಷ್ಟು ಅಂತ ಮಾತಾಡಿಕೊಂಡೇ ಆರು ಅಡಿ ಎಂಬ ಉತ್ತರಕ್ಕೆ ಬಂದರು.

ಇದರಿಂದ ಲೆಕ್ಕ ಕಲಿಸುವುದೇ ಬೇಡ ಅಂತ ಅರ್ಥವಲ್ಲ. ತಡವಾಗಿ ಶುರುಮಾಡಿದರೆ ನಷ್ಟ ಇಲ್ಲ ಅನ್ನುವುದಷ್ಟೇ ಇದರ ಸಾರ. ಆ ಐದು ವರ್ಷ ಆ ಮಕ್ಕಳು ಸುಮ್ನೆ ಕೂತಿರಲಿಲ್ಲ ಅನ್ನುವುದನ್ನೂ ಮರೆಯಬಾರದು. ಎದುರಿಗೆ ಒಬ್ಬ ಟೀಚರ್ ಇದ್ದರು, ಪ್ರಶ್ನೆ ಕೇಳುತ್ತಿದ್ದರು, ಅವರ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು. ತೆಗೆದುಹಾಕಿದ್ದು ಬಾಯಿಪಾಠವನ್ನು, ದೊಡ್ಡವರನ್ನಲ್ಲ.

ಓದಿನ ವಿಷಯ ಇನ್ನೊಂದು ಥರ. ಮಾತು ತಾನಾಗಿ ಬರುತ್ತದೆ. ಸುತ್ತ ಮಾತಾಡುವವರಿದ್ದರೆ ಸಾಕು, ಮಗು ಕಲಿಯುತ್ತದೆ. ಬರಹ ಹಾಗಲ್ಲ. ಮನುಷ್ಯ ಬರೆಯಲು ಶುರುಮಾಡಿ ಸುಮಾರು 5,000 ವರ್ಷವಷ್ಟೇ ಆಗಿದೆ. ಅಕ್ಷರ ಮತ್ತು ಧ್ವನಿಯ ಸಂಬಂಧವನ್ನು ಬಹಳಷ್ಟು ಮಕ್ಕಳಿಗೆ ಯಾರಾದರೂ ಬಿಡಿಸಿ ತೋರಿಸಬೇಕಾಗುತ್ತದೆ. ಅನ್‌ಸ್ಕೂಲಿಂಗ್ ಕುಟುಂಬಗಳಲ್ಲಿ ನಾಲ್ಕಕ್ಕೇ ಓದುವ ಮಕ್ಕಳೂ ಇದ್ದಾರೆ, ಹತ್ತು ದಾಟಿದ ಮೇಲೆ ಓದುವವರೂ ಇದ್ದಾರೆ. ನ್ಯೂಜಿಲೆಂಡಿನ ಒಂದು ಅಧ್ಯಯನದಲ್ಲಿ ಐದಕ್ಕೆ ಓದಲು ಶುರುಮಾಡಿದವರನ್ನೂ ಏಳಕ್ಕೆ ಶುರುಮಾಡಿದವರನ್ನೂ ಹೋಲಿಸಿದರು. ಹನ್ನೊಂದರ ಹೊತ್ತಿಗೆ ಇಬ್ಬರ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಹಾಗಾಗಿ ಆರು ವರ್ಷದ ಮಗು ಓದುತ್ತಿಲ್ಲ ಅಂತ ಗಾಬರಿ ಬೇಡ. ಆದರೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಹಿಡಿದು ಓದುವುದೇ ಕಷ್ಟವಾಗುವ ತೊಂದರೆ, ಇರುವ ಮಗುವಿನ ಮಾತು ಬೇರೆ. ಅದಕ್ಕೆ ಬೇಗ ಸಹಾಯ ಸಿಕ್ಕಷ್ಟೂ ಒಳ್ಳೆಯದು. ‘ಅವನಿಗೆ ಬೇಕೆನಿಸಿದಾಗ ಓದುತ್ತಾನೆ’ ಅಂತ ವರ್ಷಗಟ್ಟಲೆ ಕಾದರೆ, ಓದಬೇಕು ಅಂತ ಒಳಗೊಳಗೇ ಒದ್ದಾಡುತ್ತಿರುವ ಮಗುವಿನ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ತಡವಾಗುವುದು ತಪ್ಪಲ್ಲ, ಯಾರೂ ಗಮನಿಸದೇ ಇರುವುದು ತಪ್ಪು.

ಮಕ್ಕಳು ಸಾಧಿಸಿದ್ದು, ಪಕ್ಕದಲ್ಲಿದ್ದವರು

ಎರಿಕ್ ಡಿಮೇನ್ ಹೆಸರು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 1981ರಲ್ಲಿ ಕೆನಡಾದಲ್ಲಿ ಹುಟ್ಟಿದ ಇವರು ಚಿಕ್ಕವರಿದ್ದಾಗ ತಂದೆ ಮಾರ್ಟಿನ್ ಜೊತೆ ಊರೂರು ಸುತ್ತುತ್ತಾ ಬೆಳೆದರು. ಕಲಿತದ್ದೆಲ್ಲ ತಂದೆಯ ಜೊತೆಯಲ್ಲೇ. ಹನ್ನೆರಡಕ್ಕೆ ಡಲ್‌ಹೌಸಿ ವಿಶ್ವವಿದ್ಯಾಲಯ ಸೇರಿದರು. ಇಪ್ಪತ್ತಕ್ಕೆ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಪ್ರೊಫೆಸರ್ ಆದರು. 2003ರಲ್ಲಿ ಅಮೆರಿಕದ ದೊಡ್ಡ ಗೌರವವಾದ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ಕಾಗದ ಮಡಿಸುವ ಕಲೆಯ ಹಿಂದಿನ ಗಣಿತದಲ್ಲಿ ಅವರ ಕೆಲಸ ಹೆಸರುವಾಸಿ. ಎಲ್ಲರೂ ಈ ಮಗನ ಬುದ್ಧಿಯ ಬಗ್ಗೆ ಹೇಳುತ್ತಾರೆ. ನನ್ನ ಗಮನ ಹೋಗುವುದು ತಂದೆಯ ಕಡೆಗೆ. ಮಾರ್ಟಿನ್ ಕಲಾವಿದರು, ಗಾಜಿನ ಕೆಲಸ ಬಲ್ಲವರು. ಮಗನಿಗೆ ಕಂಪ್ಯೂಟರ್ ಹುಚ್ಚು ಹಿಡಿದಾಗ ಅವನ ಜೊತೆಗೇ ಕಲಿತರು. ಮುಂದೆ ಮಗನ ಜೊತೆ ಸೇರಿ ಎಷ್ಟೋ ಗಣಿತ ಪ್ರಬಂಧಗಳನ್ನೂ ಬರೆದರು. ಒಬ್ಬ ಮನುಷ್ಯ ತನ್ನ ಬದುಕಿನ ವರ್ಷಗಳನ್ನೇ ಮಗನ ಕುತೂಹಲಕ್ಕೆ ಕೊಟ್ಟಿದ್ದಾನೆ. ಇದು ಎಷ್ಟು ಹೆತ್ತವರಿಗೆ ಸಾಧ್ಯ?

ಲಾರಾ ಡೆಕ್ಕರ್ ಕತೆ ಅನ್‌ಸ್ಕೂಲಿಂಗ್‌ನದ್ದಲ್ಲ, ಆದರೆ ಸ್ವಾತಂತ್ರ್ಯದ ಬಗ್ಗೆ ಬಹಳ ಹೇಳುತ್ತದೆ. ಈ ಡಚ್ ಹುಡುಗಿ 2009ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ಒಬ್ಬಳೇ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತುತ್ತೇನೆ ಅಂದಳು. ತಂದೆ ಒಪ್ಪಿದರು, ಸರ್ಕಾರ ಒಪ್ಪಲಿಲ್ಲ. ಕೋರ್ಟು ಅವಳನ್ನು ಮಕ್ಕಳ ರಕ್ಷಣಾ ಇಲಾಖೆಯ ಉಸ್ತುವಾರಿಗೆ ಕೊಟ್ಟಿತು. 2010ರಲ್ಲಿ ಅನುಮತಿ ಸಿಗುವಷ್ಟರಲ್ಲಿ ಅವಳು ದೊಡ್ಡ ದೋಣಿ ಸಜ್ಜು ಮಾಡಿಕೊಂಡಿದ್ದಳು, ಪ್ರಥಮ ಚಿಕಿತ್ಸೆ ಕಲಿತಿದ್ದಳು, ನಿದ್ದೆಯನ್ನು ಹೇಗೆ ನಿಭಾಯಿಸುವುದು ಅನ್ನುವುದನ್ನೂ ಕಲಿತಿದ್ದಳು. 2012ರ ಜನವರಿಯಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಯಾನ ಮುಗಿಸಿದಳು. ಹುಟ್ಟಿದ್ದೇ ಹೆತ್ತವರ ಸಮುದ್ರಯಾನದ ನಡುವೆ. ಚಿಕ್ಕಂದಿನಿಂದ ತಂದೆಯ ಪಕ್ಕದಲ್ಲಿ ದೋಣಿ ನಡೆಸಿದವಳು. ಮೊದಲು ಚಿಕ್ಕ ನೀರು, ಆಮೇಲೆ ದೊಡ್ಡ ನೀರು. ಅವಳ ಸ್ವಾತಂತ್ರ್ಯ ಒಂದೇ ದಿನದಲ್ಲಿ ಸಿಕ್ಕಿದ್ದಲ್ಲ. ಕೋರ್ಟಿನ ಆ ತಡೆ ಕೂಡ ಅವಳ ತಯಾರಿಯನ್ನು ಗಟ್ಟಿ ಮಾಡಿತು ಅಂತಲೇ ನಾನು ನಂಬುತ್ತೇನೆ.

‘ಗೋಡೆಯಲ್ಲಿ ಕಿಂಡಿ’ ಪ್ರಯೋಗ ನೆನಪಿರಬೇಕು. 1999ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೊಂದು ಕಂಪ್ಯೂಟರ್ ಕೂರಿಸಿ, ಪಕ್ಕದ ಕೊಳೆಗೇರಿಯ ಮಕ್ಕಳಿಗೆ ಬಿಟ್ಟರು. ಯಾರೂ ಹೇಳಿಕೊಡದೆ ಮಕ್ಕಳು ಅದನ್ನು ಬಳಸಲು ಕಲಿತರು, ಒಬ್ಬರಿಗೊಬ್ಬರು ಕಲಿಸಿದರು. ಪ್ರಪಂಚವೇ ಬೆರಗಾಯಿತು. 2013ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರ್‌ನ ಟೆಡ್ ಪ್ರಶಸ್ತಿಯೂ ಬಂತು. ಆದರೆ ಬೇರೆ ಕಡೆ ಇಟ್ಟ ಇಂಥ ಕಿಂಡಿಗಳನ್ನು ಆಮೇಲೆ ಹೋಗಿ ನೋಡಿದ ಸಂಶೋಧಕರಿಗೆ ಕಂಡದ್ದು ಇನ್ನೊಂದು ಚಿತ್ರ. ಕೆಲವು ಹಾಳಾಗಿದ್ದವು. ಕೆಲವು ಕಡೆ ದೊಡ್ಡ ಹುಡುಗರೇ ಮುಂದೆ ನಿಂತು, ಹುಡುಗಿಯರಿಗೆ ಜಾಗವೇ ಸಿಗುತ್ತಿರಲಿಲ್ಲ. ಮಿತ್ರ ಅವರೇ ಮುಂದೆ ಹೊಸ ಏರ್ಪಾಡು ಮಾಡಿದರು. ನಿವೃತ್ತ ಶಿಕ್ಷಕರು ಮತ್ತು ಇತರ ಹಿರಿಯರು ವಿಡಿಯೊ ಕರೆಯಲ್ಲಿ ಮಕ್ಕಳ ಜೊತೆ ಕೂತು, ‘ಅರೆ, ಇದನ್ನು ಹೇಗೆ ಮಾಡಿದೆ?’ ಅಂತ ಕೇಳುತ್ತಾ ಹುರಿದುಂಬಿಸುವ ವ್ಯವಸ್ಥೆ ಅದು. ಅವರು ಪಾಠ ಮಾಡುವುದಿಲ್ಲ, ಜೊತೆಗಿರುತ್ತಾರೆ. ಮಕ್ಕಳನ್ನು ಅಷ್ಟೊಂದು ನಂಬಿದ ಮನುಷ್ಯನಿಗೂ ದೊಡ್ಡವರು ಬೇಕೆನಿಸಿತು.

ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರೋಗಾಫ್ ಅವರ ಸಂಶೋಧನೆ ತೋರಿಸುತ್ತದೆ. ಗ್ವಾಟೆಮಾಲಾದ ಮಾಯಾ ಸಮುದಾಯದಲ್ಲಿ ಮಕ್ಕಳು ದೊಡ್ಡವರ ಕೆಲಸದ ನಡುವೆಯೇ ಇರುತ್ತಾರೆ. ನೋಡುತ್ತಾರೆ, ಕೈ ಹಾಕುತ್ತಾರೆ, ಮೆಲ್ಲಗೆ ಕಲಿಯುತ್ತಾರೆ. ಒಂದು ಮಗುವಿಗೆ ಆಟಿಕೆ ಮಾಡುವುದನ್ನು ಹೇಳಿಕೊಟ್ಟು, ಪಕ್ಕದಲ್ಲಿ ಕಾಯುತ್ತಾ ಕೂತ ಇನ್ನೊಂದು ಮಗುವಿಗೆ ಎಷ್ಟು ಗೊತ್ತಾಯಿತು ಅಂತ ನೋಡಿದಾಗ, ಹೆಚ್ಚು ಶಾಲೆ ಓದದ ತಾಯಂದಿರ ಮಕ್ಕಳೇ ಚೆನ್ನಾಗಿ ಗಮನಿಸಿ ಕಲಿತಿದ್ದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಾಗಂತ ಯಾರೂ ದೂರ ಇಟ್ಟಿರಲೂ ಇಲ್ಲ. ಇವತ್ತಿನ ಬಹುಪಾಲು ಮನೆಗಳಲ್ಲಿ ದೊಡ್ಡವರ ಕೆಲಸ ಮನೆಯ ಹೊರಗೋ ಲ್ಯಾಪ್‌ಟಾಪಿನ ಒಳಗೋ ಇದೆ. ಮಗುವಿಗೆ ಅಲ್ಲಿ ನೋಡಲು ಏನೂ ಇಲ್ಲ. ಅನ್‌ಸ್ಕೂಲಿಂಗ್ ಮಾಡಹೊರಟವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ನನ್ನ ಮಗು ದಿನವೂ ಯಾರ ಕೆಲಸವನ್ನು ಹತ್ತಿರದಿಂದ ನೋಡುತ್ತದೆ?

ಪುರಾವೆ ಎಷ್ಟು ಗಟ್ಟಿ

ಮನಶ್ಶಾಸ್ತ್ರಜ್ಞ ಪೀಟರ್ ಗ್ರೇ ಮತ್ತು ಜಿನಾ ರೈಲಿ ಅನ್‌ಸ್ಕೂಲಿಂಗ್‌ನಲ್ಲಿ ಬೆಳೆದ 75 ಮಂದಿ ವಯಸ್ಕರ ಸಮೀಕ್ಷೆ ನಡೆಸಿದರು. ಶೇ 83ರಷ್ಟು ಜನ ಮುಂದೆ ಯಾವುದಾದರೊಂದು ಉನ್ನತ ಶಿಕ್ಷಣ ಪಡೆದಿದ್ದರು. ಹಾಗೆ ಬೆಳೆದದ್ದು ಬೇಸರ ತಂದಿದೆ ಅಂದವರು ಮೂವರು ಮಾತ್ರ. ಕೇಳಲು ಖುಷಿಯ ಸುದ್ದಿ. ಆದರೆ ಉತ್ತರ ಕೊಟ್ಟವರು ತಾವಾಗಿಯೇ ಮುಂದೆ ಬಂದವರು. ಬದುಕು ಚೆನ್ನಾಗಿ ನಡೆದವರೇ ಇಂಥ ಸಮೀಕ್ಷೆಗೆ ಉತ್ಸಾಹದಿಂದ ಬರುತ್ತಾರೆ. ಈ ಮಿತಿಯನ್ನು ಸಂಶೋಧಕರೇ ಒಪ್ಪಿದ್ದಾರೆ. 2011ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ಬೇರೆಯದನ್ನು ಹೇಳಿತು. ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ, ಮನೆಯಲ್ಲಿ ಕ್ರಮಬದ್ಧವಾಗಿ ಕಲಿತವರು ಶಾಲೆಯ ಮಕ್ಕಳಿಗಿಂತ ಮುಂದಿದ್ದರು. ಕ್ರಮವೇ ಇಲ್ಲದೆ ಕಲಿತವರು ಎಲ್ಲರಿಗಿಂತ ಹಿಂದಿದ್ದರು. ಆದರೆ ಆ ಕೊನೆಯ ಗುಂಪಿನಲ್ಲಿ ಇದ್ದದ್ದು ಹನ್ನೆರಡೇ ಮಕ್ಕಳು. ಆ ವಯಸ್ಸಿಗೇ ಪರೀಕ್ಷೆ ಮಾಡಿದರೆ ತಡವಾಗಿ ಶುರುಮಾಡುವವರು ಹಿಂದೆ ಕಾಣುವುದು ಸಹಜ. ಹೀಗಾಗಿ ಅನ್‌ಸ್ಕೂಲಿಂಗ್ ಗೆದ್ದಿದೆ ಅಂತಲೂ ಸೋತಿದೆ ಅಂತಲೂ ಘೋಷಿಸಲು ಯಾರ ಕೈಯಲ್ಲೂ ಬೇಕಾದಷ್ಟು ಪುರಾವೆ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಗೊಂದಲ ಬೇಡ. ಯುನೆಸ್ಕೊ 2023ರಲ್ಲಿ ಹೇಳಿದಂತೆ ಪ್ರಪಂಚದಲ್ಲಿ ಸುಮಾರು 25 ಕೋಟಿ ಮಕ್ಕಳು ಮತ್ತು ಹದಿಹರೆಯದವರು ಶಾಲೆಯ ಹೊರಗಿದ್ದಾರೆ. ಬಡತನ, ಯುದ್ಧ, ದುಡಿಮೆ, ಬಾಲ್ಯವಿವಾಹ ಅವರನ್ನು ಹೊರಗಿಟ್ಟಿವೆ. ಅವರಿಗೆ ಆಯ್ಕೆಯೇ ಇರಲಿಲ್ಲ. ಪುಸ್ತಕ, ಇಂಟರ್ನೆಟ್, ಬಿಡುವು, ಓದಿದ ಹೆತ್ತವರು ಎಲ್ಲ ಇರುವ ಮನೆಯ ಮಗು ಶಾಲೆ ಬಿಡುವುದನ್ನು ಇದರ ಜೊತೆ ಇಟ್ಟು ಮಾತಾಡಿದರೆ ಆ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಶಾಲೆ ಬಿಡದೆ ಕೊಡಬಹುದಾದ ಸ್ವಾತಂತ್ರ್ಯವೂ ಬಹಳ ಇದೆ. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳು, ಎಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ದೊಡ್ಡವರ ಜೊತೆ ಇಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು ಶೇ 9ಕ್ಕೆ ಇಳಿಯಿತು. ಹೆತ್ತವರು ಹೇಳಿದ ಮುಖ್ಯ ಕಾರಣ ರಸ್ತೆಯ ವಾಹನಗಳು. ಗ್ರೇ ಮತ್ತು ಇನ್ನಿಬ್ಬರು ಸಂಶೋಧಕರು 2023ರಲ್ಲಿ ಒಂದು ವಾದ ಮುಂದಿಟ್ಟರು. ಮಕ್ಕಳು ತಾವಾಗಿ ಆಡುವ, ಓಡಾಡುವ, ಕೆಲಸ ಮಾಡುವ ಅವಕಾಶ ದಶಕಗಳಿಂದ ಕಡಿಮೆಯಾಗುತ್ತಾ ಬಂದಿರುವುದೇ ಅವರಲ್ಲಿ ಆತಂಕ, ಖಿನ್ನತೆ ಹೆಚ್ಚಲು ದೊಡ್ಡ ಕಾರಣ ಅನ್ನುವುದು ಆ ವಾದ. ಎಲ್ಲ ತಜ್ಞರೂ ಇದನ್ನು ಒಪ್ಪಿಲ್ಲ. ನನಗೆ ಅದರಲ್ಲಿ ಹುರುಳಿದೆ ಅನಿಸುತ್ತದೆ. ಒಬ್ಬನೇ ಬಸ್ ಹತ್ತಿ ಹೋಗಿ ಬರುವ ಮಗು, ಕೈಖರ್ಚಿನ ಲೆಕ್ಕ ತಾನೇ ನೋಡಿಕೊಳ್ಳುವ ಮಗು, ಗೆಳೆಯರ ಜಗಳವನ್ನು ತಾನೇ ಬಗೆಹರಿಸಿಕೊಳ್ಳುವ ಮಗು ಪ್ರತಿಸಲವೂ ‘ನನ್ನಿಂದ ಆಗುತ್ತೆ’ ಅನ್ನುವುದನ್ನು ಕಲಿಯುತ್ತದೆ. ಇದಕ್ಕೆ ಶಾಲೆ ಅಡ್ಡ ಬರಬೇಕಾಗಿಲ್ಲ. ಶಾಲೆ ಮುಗಿದ ಮೇಲಿನ ಹೊತ್ತನ್ನೂ ಟ್ಯೂಷನ್ನು, ಕ್ಲಾಸು ಅಂತ ತುಂಬಿಸದಿದ್ದರೆ ಸಾಕು.

ಸರ್ಕಾರ ಎಷ್ಟು ಕೈ ಹಾಕಬೇಕು

ಇದರಲ್ಲಿ ಒಂದೊಂದು ದೇಶ ಒಂದೊಂದು ಥರ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಮನೆಯಲ್ಲೇ ಕಲಿಸಲು ಅವಕಾಶವಿದೆ. ಕೆಲವು ರಾಜ್ಯಗಳಲ್ಲಿ ತಿಳಿಸುವ ಅಗತ್ಯವೂ ಇಲ್ಲ. ಜರ್ಮನಿಯಲ್ಲಿ ಶಾಲೆಗೆ ಹೋಗಲೇಬೇಕು. ಮಕ್ಕಳನ್ನು ಶಾಲೆಗೆ ಕಳಿಸದ ಒಂದು ಕುಟುಂಬದ ಅರ್ಜಿಯನ್ನು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ತಳ್ಳಿಹಾಕಿತು. ಸ್ವೀಡನ್ನಿನಲ್ಲಿ ತೀರಾ ವಿಶೇಷ ಸಂದರ್ಭದಲ್ಲಿ ಮಾತ್ರ ಅನುಮತಿ. ಇಂಗ್ಲೆಂಡಿನಲ್ಲಿ, ಶಾಲೆಯ ಹೊರಗಿರುವ ಮಕ್ಕಳ ದಾಖಲೆ ಇಡಬೇಕು ಅನ್ನುವ ಮಸೂದೆ 2024ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂತು. ಅನ್‌ಸ್ಕೂಲಿಂಗ್ ಕುಟುಂಬಗಳಿಗೆ ಇದು ಇಷ್ಟವಿಲ್ಲ. ಪಠ್ಯಕ್ರಮವನ್ನೇ ತಲೆಯಲ್ಲಿ ಇಟ್ಟುಕೊಂಡ ಅಧಿಕಾರಿ ತಮ್ಮ ಮಗುವನ್ನು ಅಳೆಯಲು ಬರುತ್ತಾನೆ ಅನ್ನುವ ಅವರ ಹೆದರಿಕೆ ಸುಳ್ಳಲ್ಲ.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮಕ್ಕಳ ಹಿತ ನೋಡುವ ಸರ್ಕಾರಿ ಕಚೇರಿ 2018ರಲ್ಲಿ ಒಂದು ವರದಿ ಕೊಟ್ಟಿತು. ಆರು ಶಾಲಾ ಜಿಲ್ಲೆಗಳಲ್ಲಿ ಮನೆಯಲ್ಲೇ ಕಲಿಸುತ್ತೇವೆ ಅಂತ ಶಾಲೆ ಬಿಡಿಸಿದ ಮಕ್ಕಳಲ್ಲಿ ಶೇ 36ರಷ್ಟು ಮಂದಿಯ ಮನೆಗಳ ಬಗ್ಗೆ, ಹಿಂಸೆ ಅಥವಾ ನಿರ್ಲಕ್ಷ್ಯದ ಅನುಮಾನದ ಮೇಲೆ ಮೊದಲೇ ಒಂದಾದರೂ ದೂರು ದಾಖಲಾಗಿತ್ತು. ದೂರು ಬಂದ ಮಾತ್ರಕ್ಕೆ ತಪ್ಪು ಆಗಿದೆ ಎಂದಲ್ಲ. ಆದರೂ ಆ ಮಕ್ಕಳನ್ನು ದಿನವೂ ನೋಡುತ್ತಿದ್ದ ಹೊರಗಿನ ಕಣ್ಣು ಶಾಲೆಯದ್ದೇ ಆಗಿತ್ತು. ಅದು ಹೋದ ಮೇಲೆ ಅವರನ್ನು ನೋಡುವವರು ಯಾರು?

ಹಾಗಾಗಿ ದಾಖಲೆ ಇರಬೇಕು ಅನ್ನುವವರ ಪರ ನಾನು. ಪರೀಕ್ಷೆ ಬೇಡ, ಸಿಲಬಸ್ ಹೇರುವುದು ಬೇಡ. ವರ್ಷಕ್ಕೊಮ್ಮೆಯಾದರೂ ಮನೆಯ ಹೊರಗಿನ ಒಬ್ಬರು, ಮಕ್ಕಳ ಜೊತೆ ಮಾತಾಡಲು ಬಲ್ಲವರು, ಹೆತ್ತವರು ಪಕ್ಕದಲ್ಲಿ ಇಲ್ಲದಾಗ ಆ ಮಗುವಿನ ಜೊತೆ ಕೂರಬೇಕು. ಏನು ಮಾಡುತ್ತಿದ್ದೀಯ, ಯಾರ ಜೊತೆ ಆಡುತ್ತೀಯ, ಏನು ಕಲಿಯಬೇಕು ಅನಿಸಿದರೂ ಕಲಿಯಲು ಆಗುತ್ತಿಲ್ಲ ಅಂತ ಕೇಳಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿಗೆ ತನ್ನ ಬದುಕಿನ ವಿಷಯದಲ್ಲಿ ಮಾತಾಡುವ ಹಕ್ಕು ಕೊಟ್ಟಿದೆ. ಅನ್‌ಸ್ಕೂಲಿಂಗ್ ಹಾದಿಯಲ್ಲಿರುವ ಎಷ್ಟೋ ಮಕ್ಕಳು ಒಂದು ವಯಸ್ಸಿಗೆ ಬಂದಾಗ ‘ನಾನೂ ಶಾಲೆಗೆ ಹೋಗಿ ನೋಡುತ್ತೇನೆ’ ಅನ್ನುತ್ತಾರೆ. ಆಗ ಸಂತೋಷವಾಗಿ ಕಳಿಸುವ ಹೆತ್ತವರೂ ಇದ್ದಾರೆ, ತಮ್ಮ ತತ್ತ್ವಕ್ಕೆ ಪೆಟ್ಟು ಬಿತ್ತು ಅಂತ ತಡೆಯುವವರೂ ಇದ್ದಾರೆ. ‘ನಿನಗೆ ಶಾಲೆಗೆ ಹೋಗಬೇಕು ಅನಿಸುತ್ತಾ?’ ಅನ್ನುವ ಪ್ರಶ್ನೆಯನ್ನು ಪ್ರತಿ ವರ್ಷ ಆ ಮಗುವಿಗೇ ಕೇಳಬೇಕು, ಬಂದ ಉತ್ತರಕ್ಕೆ ಮನೆಯವರು ತಲೆಬಾಗಬೇಕು.